ಟರ್ಬೊ ಹುಡುಕಿಕೊಂಡು ಟಿಕೋಟಾ, ಬಬಲೇಶ್ವರ

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಿಂದ ಲಾರಿ ಹೊರಡಿಸುವುದೆಂದರೆ ಸೂಜಿಯ ಕಣ್ಣಿನಲ್ಲಿ ಹಗ್ಗ ಪೋಣಿಸಿದಂತೆ. ನನ್ನ ತಮ್ಮ ಈರಣ್ಣ ಬರೀ ಲಾರಿ ತಂದಿದ್ದರೂ ಸಹಿಸಬಹುದಿತ್ತು. ಹಿಂದೆ ಟ್ರೇಲರನ್ನೂ ಕಟ್ಟಿಕೊಂಡು ಬಂದಿದ್ದ. ಹೂವಿನವರು ಬುಟ್ಟಿ ಸರಿಸಿದರು, ಬಳೆಯಂಗಡಿಯವನು ಬೈದುಕೊಳ್ಳುತ್ತಲೇ ಬೋರ್ಡು ಎತ್ತಿದ. ಈ ವಯಸ್ಸಿನಲ್ಲಿ ಲಾರಿಯ ಕ್ಯಾಬಿನ್ನಿಗೆ ಹತ್ತುವುದು ಡಿಗ್ನಿಫೈಡ್ ಆದ ಕೆಲಸವಲ್ಲ. ಈರಣ್ಣ ಮೇಲಿನಿಂದ ಎಳೆದ, ಬಳೆಯಂಗಡಿಯವನ ಹೆಂಡತಿ ಕೆಳಗಿನಿಂದ ನೂಕಿದಳು, ಅಂತೂ ನಾನು ಸೀಟು ಸೇರಿದೆ.

ಈರಣ್ಣ ಟಿಕೋಟಾದ ಹತ್ತಿರ ದ್ರಾಕ್ಷಿ ಬೆಳೆಯುತ್ತಾನೆ. ವರ್ಷಕ್ಕೊಮ್ಮೆ ಗೆಳೆಯರೊಡನೆ ಹಿಮಾಲಯದ ಒಂದು ಯಾತ್ರೆಯ ದಾರಿಯಲ್ಲಿ ದಾಸೋಹ ಹಾಕುತ್ತಾನೆ. ನಮ್ಮವರ ದಾಸೋಹವೆಂದರೆ ಗೊತ್ತಲ್ಲ, ಜೋಳವೂ ನಮ್ಮದೇ ಆಗಬೇಕು, ಹಿಟ್ಟು ಬೀಸುವ ಗಿರಣಿಯೂ ನಮ್ಮದೇ ಆಗಬೇಕು. ರೊಟ್ಟಿಯ ಹಂಚು, ಒಲೆ, ನೀರಿನ ಟ್ಯಾಂಕು ಎಲ್ಲ ಟ್ರೇಲರಿನಲ್ಲಿ. ಹೋದ ವರ್ಷ ಘಾಟಿನ ಅರ್ಧದಲ್ಲಿ ಲಾರಿ ಕರಿ ಹೊಗೆ ಕಾರಿ ನಿಂತುಬಿಟ್ಟಿತು. ಟ್ರೇಲರನ್ನು ಹೇಗೋ ಕೆಳಗಿಳಿಸಿ ಬುಡದ ಊರಿನಲ್ಲೇ ರೊಟ್ಟಿ ಬಡಿದರಂತೆ. ಅಲ್ಲಿ ಸಾಲು ಸಾಲು ಹೋಟೆಲು, ಹಸಿದವರೇ ಸಿಗಲಿಲ್ಲ.

ಆ ಘಾಟಿನ ಮೇಲಿನ ಊರಿನಲ್ಲಿ ನನ್ನ ಯಜಮಾನರು ಆರ್ಮಿಯಲ್ಲಿ ಇಂಜಿನಿಯರ್ ಆಗಿದ್ದರು. ಮದುವೆಯಾದ ಹೊಸತರಲ್ಲಿ ಎರಡು ಬೇಸಿಗೆ ನಾನೂ ಅಲ್ಲಿದ್ದೆ. ಅಡುಗೆಮನೆಯ ಕಿಟಕಿಯಾಚೆ ಒಂದು ಏಪ್ರಿಕಾಟ್ ಗಿಡ, ಅದರಾಚೆ ಹಿಮ. ಅವರು ಹೋದ ಮೇಲೆ ಒಮ್ಮೆ ಆ ಊರನ್ನು ನೋಡಿ ಬರಬೇಕೆಂಬ ಆಸೆ ಹಿಡಿದು ಕುಳಿತಿದೆ. ಟೂರಿನವರು ನನ್ನ ವಯಸ್ಸು ಕೇಳಿ ಫೋನ್ ಇಟ್ಟರು. ಉಳಿದದ್ದು ಈರಣ್ಣನ ಲಾರಿಯೊಂದೇ.

"ಗಾಡಿ ಏರತೈತಿ ಅಂತ ಖಾತ್ರಿ ಆದ್ರ ಕರ್ಕೊಂಡ ಹೋಗ್ತೀನಿ ಅಕ್ಕಾ" ಎಂದಿದ್ದ. "ನಿನ್ನ ಕಟ್ಕೊಂಡು ನಡುಘಾಟಿನ್ಯಾಗ ನಿಂದ್ರಾಕ ನನ್ನ ಕೈಲೆ ಆಗಂಗಿಲ್ಲ."

ಹೀಗಾಗಿ ಲಾರಿಗೆ ತಕ್ಕ ಟರ್ಬೊ ಹುಡುಕುವುದು ನನ್ನ ಚಿಂತೆಯೂ ಆಯಿತು. ಇಂಜಿನ್ನಿಗೆ ಗಾಳಿ ಊದುವ ಪುಟ್ಟ ಪಂಖ ಅದು. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯೇ ಅದನ್ನು ತಿರುಗಿಸುತ್ತದೆ. ಮೇಲೆ ಗಾಳಿ ತೆಳುವಾದಾಗ ಊದುವವರು ಗಟ್ಟಿ ಇರಬೇಕು, ಅಷ್ಟೆ. ಇದನ್ನು ನಮ್ಮ ಯಜಮಾನರು ಊಟದ ಟೇಬಲ್ಲಿನಲ್ಲಿ ಚಮಚ ತಿರುಗಿಸಿ ವಿವರಿಸುತ್ತಿದ್ದರು. ಆಗ ಬೋರ್ ಆಗುತ್ತಿತ್ತು.

ತೊರವಿ ದಾಟುವ ತನಕ ಬಸ್ಸು, ಬೈಕು, ಕಾಲೇಜಿನ ಮಕ್ಕಳು. ಆಮೇಲೆ ರಸ್ತೆ ಖಾಲಿಯಾಯಿತು. ಎರಡೂ ಕಡೆ ಒಣದ್ರಾಕ್ಷಿಯ ಶೆಡ್ಡುಗಳು, ಹಸಿರು ಪರದೆ ಕಟ್ಟಿಕೊಂಡು ಬಿಸಿಲಿಗೆ ನಿಂತಿದ್ದವು. ಟಿಕೋಟಾ ನಮ್ಮ ಮನೆಯಿಂದ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್. ಈರಣ್ಣ ಆ ಇಪ್ಪತ್ತರುದ್ದಕ್ಕೂ ಆಕ್ಸಿಲರೇಟರ್ ಒತ್ತಿ ಒತ್ತಿ ಕನ್ನಡಿಯಲ್ಲಿ ತನ್ನ ಹೊಗೆ ನೋಡಿಕೊಳ್ಳುತ್ತಿದ್ದ. ಹೊಗೆಯ ಹಿಂದೆ ಟ್ರೇಲರ್ ಕಾಣುತ್ತಿರಲಿಲ್ಲ.

"ಅದೇನ್ ನೋಡ್ತಿ?" ಎಂದೆ.

"ಜೋರ್ ಐತಿಲ್ಲೋ ನೋಡಾಕತ್ತೇನಿ."

ಈ ರೋಗದ ಮೂಲ ಟಿಕೋಟಾದಲ್ಲಿ ಗೊತ್ತಾಯಿತು. ಗ್ಯಾರೇಜಿನ ಮಲ್ಲಪ್ಪ ಈ ಭಾಗದಲ್ಲಿ ಟ್ರ್ಯಾಕ್ಟರ್ ಜಗ್ಗಾಟಕ್ಕೆ ಗಾಡಿ ತಯಾರು ಮಾಡುವವನು. ಎರಡು ಟ್ರ್ಯಾಕ್ಟರುಗಳ ಬೆನ್ನಿಗೆ ಬೆನ್ನು ಸರಪಳಿ ಕಟ್ಟಿ ಯಾವುದು ಯಾವುದನ್ನು ಎಳೆಯುತ್ತದೆಂದು ಊರೆಲ್ಲ ನಿಂತು ನೋಡುವ ಆಟ ಅದು. ಕಪಾಟಿನ ತುಂಬ ಬಹುಮಾನದ ಢಾಲುಗಳಿದ್ದವು. ಆ ಆಟದಲ್ಲಿ ಸೋತರೂ ಚಿಂತೆಯಿಲ್ಲ, ಹೊಗೆ ಕರ್ರಗೆ ಮುಗಿಲಿಗೆ ಏರಿದರೆ ಮಂದಿ ಶಿಳ್ಳೆ ಹಾಕುತ್ತಾರೆ. ಹೋದ ವರ್ಷ ಈರಣ್ಣನ ಲಾರಿಯ ಡೀಸೆಲ್ ಪಂಪನ್ನು ಬಿಚ್ಚಿ ಹೆಚ್ಚು ಎಣ್ಣೆ ಹೋಗುವಂತೆ ಮಾಡಿದವನು ಇವನೇ. ಮಾಡಿಸಿದವನು ನನ್ನ ತಮ್ಮ.

ಮಲ್ಲಪ್ಪ ಕುಂಬಳಕಾಯಿ ಗಾತ್ರದ ಟರ್ಬೊ ಒಂದನ್ನು ತಂದು ನನ್ನ ಮುಂದೆ ಇಟ್ಟ. "ಇದನ್ನ ಹಾಕಿದರ ಮುಗೀತ್ರಿ ಅಕ್ಕಾರ. ಹಿಮಾಲಯನ ಹಿಂದ ಸರೀತೈತಿ."

"ಇಷ್ಟು ದೊಡ್ಡದು ತಿರುಗಾಕ ಇಂಜಿನ್ ಜೋರಾಗಿ ಓಡಬೇಕಲ್ಲಪಾ?" ಎಂದೆ. "ಘಾಟಿನ ತಿರುವಿನ್ಯಾಗ ಫಸ್ಟ್ ಗೇರಿನ್ಯಾಗ ತೆವಳೋವಾಗ ಇದು ತಿರುಗತೈತೇನು?"

"ಫಸ್ಟ್ ಗೇರ್ ಯಾಕ ಹಾಕ್ತೀರಿ? ಜೋರ್ ಹೊಡೀರಿ."

"ಹಿಂದ ಟ್ರೇಲರ್ ಐತಿ, ಬಾಜೂಕ ಕಂದರ ಐತಿ."

"ಹಂಗಾರ ಅದು ರಸ್ತಾದ ತಪ್ಪು. ನನ್ನ ಟರ್ಬೊದ್ದಲ್ಲ" ಎಂದು ಮಲ್ಲಪ್ಪ ತೀರ್ಪು ಕೊಟ್ಟು, ನಮಗೆ ನಂಬಿಕೆ ಬರಲೆಂದು ಪಕ್ಕದ ಟ್ರ್ಯಾಕ್ಟರ್ ಚಾಲೂ ಮಾಡಿ ರೇಸ್ ಕೊಟ್ಟ. ಗಾಳಿ ನನ್ನ ಕಡೆಗಿತ್ತು. ಇಸ್ತ್ರಿ ಮಾಡಿಸಿದ ಕೆನೆಬಣ್ಣದ ಸೀರೆ ಬೂದಿಬಣ್ಣಕ್ಕೆ ತಿರುಗಿತು. ಈರಣ್ಣ ಮಾತ್ರ ಜಾತ್ರೆಗೆ ಬಂದವನ ಹಾಗೆ ನಗುತ್ತ ನಿಂತಿದ್ದ. ಹಾನೆಸ್ಟ್ಲಿ, ಅರವತ್ತಾರು ದಾಟಿದ ಗಂಡಸು.

"ಈರಣ್ಣಾ, ಗಾಡಿ ಹತ್ತು" ಎಂದೆ. ನಾನು ಹತ್ತಲು ಮಾತ್ರ ಮಲ್ಲಪ್ಪನೇ ಸ್ಟೂಲು ತಂದಿಡಬೇಕಾಯಿತು.

ಬಬಲೇಶ್ವರದ ಒಳರಸ್ತೆ ಕೆಟ್ಟಿತ್ತು. ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿನ ದಸ್ತಗೀರ ಲಾರಿ ಕೆಲಸದಲ್ಲೇ ಕೂದಲು ನರೆಸಿದವನು. ಇವನಾದರೂ ಸೆನ್ಸಿಬಲ್ ಆಗಿ ಮಾತಾಡಿಯಾನೆಂದುಕೊಂಡೆ.

"ಮಲ್ಲ್ಯಾನ ಕಡೆ ಹೋಗಿದ್ರ್ಯಾ? ಅಂವ ಹೊಗಿ ಮಾರಾಂವ" ಎಂದ. ಒಳ್ಳೆಯ ಆರಂಭ. ಆದರೆ ಇವನ ಹುಚ್ಚು ಬೇರೆ. ಸಣ್ಣದೊಂದು, ದೊಡ್ಡದೊಂದು, ಎರಡು ಟರ್ಬೊ ಜೋಡಿಸಬೇಕಂತೆ. ಕೆಳಗೆ ಸಣ್ಣದು ಊದುತ್ತದೆ, ಮೇಲೆ ದೊಡ್ಡದು ಅದಕ್ಕೆ ಊದುತ್ತದೆ. ಕೇಳಲು ಚೆಂದವೇ. ಪೈಪುಗಳ ಚಿತ್ರವನ್ನು ನೆಲದ ಮೇಲೆ ಬರೆಯುತ್ತ ಹೋದ. ಅದು ರಂಗೋಲಿಗಿಂತ ದೊಡ್ಡದಾಯಿತು.

"ಮ್ಯಾಲೆ ಇದರಾಗ ಒಂದು ಪೈಪ್ ಸಡಲಾದ್ರ ಯಾರು ರಿಪೇರಿ ಮಾಡ್ತಾರ?" ಎಂದು ಕೇಳಿದೆ.

"ನನಗ ಫೋನ್ ಹಚ್ರಿ. ಹೇಳ್ತೀನಿ."

"ಅಲ್ಲಿ ಫೋನ್ ಹತ್ತಂಗಿಲ್ಲ."

ದಸ್ತಗೀರ ತಲೆ ಕೆರೆದುಕೊಂಡ. "ಹಂಗಾರ ಕಷ್ಟ ಐತ್ರಿ."

"ಒಂದ ಸಾಕು ತಗಿ. ಸಣ್ಣದು ಹಾಕು" ಎಂದ ಈರಣ್ಣ, ಹಸಿವೆಯಾಗಿತ್ತು ಅವನಿಗೆ.

ಅದೂ ಆಗುವುದಿಲ್ಲವೆಂದು ದಸ್ತಗೀರ ಹೇಳಿದ. ತೆಳು ಗಾಳಿಯಲ್ಲಿ ಬಹಳ ಸಣ್ಣದು ಮಿತಿಮೀರಿ ತಿರುಗಿ ಸುಟ್ಟುಹೋಗುತ್ತದೆ. ನಡುವಿನ ಅಳತೆಯದೊಂದನ್ನು ಹಾಕಿ, ಊದಿದ ಗಾಳಿಯನ್ನು ತಣಿಸುವ ದೊಡ್ಡ ಕೂಲರ್ ಮುಂದೆ ಕೂರಿಸಬಹುದು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದರೆ, "ನೀವು ಛಲೋದು ಕೇಳಿದ್ರಿ, ಸಾಕಾಗೋದು ಕೇಳಲಿಲ್ಲ" ಎಂದ.

ಅಲ್ಲಿಗೆ ಮುಗಿಯಲಿಲ್ಲ. ಮಲ್ಲಪ್ಪ ಬಿಚ್ಚಿದ್ದ ಡೀಸೆಲ್ ಪಂಪನ್ನು ಮೊದಲಿನ ಅಳತೆಗಿಂತ ತುಸು ಕೆಳಕ್ಕೇ ತಿರುಗಿಸಬೇಕೆಂದೆ. ಈರಣ್ಣ ರೇಗಿದ. "ಏರಾಕ ಜೋರ್ ಬೇಕು. ಎಣ್ಣಿ ಕಡಿಮಿ ಮಾಡಿದ್ರ ಜೋರ್ ಎಲ್ಲಿಂದ ಬರತೈತಿ?"

"ಒಲಿ ತುಂಬ ಕಟ್ಟಿಗಿ ತುರುಕಿ, ಗಾಳಿ ಆಡದಂಗ ಮಾಡಿದ್ರ ಏನಾಗತೈತಿ? ಉರಿ ಬರತೈತೋ, ಕಣ್ಣಾಗ ನೀರ ಬರತೈತೋ?"

"ನೀ ಕಾನ್ವೆಂಟಿನ್ಯಾಗ ಇದ್ದು ಓದಿದಾಕಿ, ಒಲಿ ಯಾವಾಗ ಹಚ್ಚಿದ್ದಿ?"

"ಅವ್ವ ನಿನ್ನ ನನ್ನ ಬೆನ್ನಿಗೆ ಕಟ್ಟಿ ಒಲಿ ಮುಂದ ಕೂಡಸ್ತಿದ್ಲು. ಎಲ್ಲಾ ರಜಾದಾಗೂ."

ದಸ್ತಗೀರ ನಕ್ಕು ಪಂಪಿಗೆ ಕೈ ಹಾಕಿದ. ಅವನು ಮಧ್ಯಾಹ್ನವಿಡೀ ಕೆಲಸ ಮಾಡಿದ. ನಾನು ಬಸ್‌ಸ್ಟ್ಯಾಂಡ್ ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ ತಿಂದು, ಬಿಸಿ ಗಾಳಿ ಊದುವ ಫ್ಯಾನಿನ ಕೆಳಗೆ ತೂಕಡಿಸಿದೆ. ಈರಣ್ಣ ಮುನಿಸಿಕೊಂಡಿದ್ದ. ಎರಡು ಸಲ ಚಹಾ ಕುಡಿದ, ಎರಡು ಸಲವೂ ನಿನಗೂ ಬೇಕೇ ಎಂದು ಕೇಳಲಿಲ್ಲ.

ಈ ಸಪಾಟು ನೆಲದಲ್ಲಿ ಏರು ಎಂಬುದೇ ಅಪರೂಪ. ಹತ್ತಿರದಲ್ಲಿದ್ದದ್ದು ಸಾರವಾಡದ ಬಳಿ ಡೋಣಿ ಹೊಳೆಯಿಂದ ಮೇಲೆ ಬರುವ ದಾರಿ. ಹಿಮಾಲಯದ ಪರೀಕ್ಷೆಯನ್ನು ಡೋಣಿಯ ದಂಡೆಯಲ್ಲಿ ಬರೆಯುವುದು ರಿಡಿಕ್ಯುಲಸ್, ಐ ನೋ. ಅದಕ್ಕೇ ದಸ್ತಗೀರ ಹೊಗೆಕೊಳವೆಯ ಬಿಸಿ ತೋರಿಸುವ ಒಂದು ಮೀಟರನ್ನು ಕ್ಯಾಬಿನ್ನಿನಲ್ಲಿ ಕೂರಿಸಿದ್ದ. ಟ್ರೇಲರಿನ ಟ್ಯಾಂಕಿಗೆ ನೀರು ತುಂಬಿಸಿ, ತಳದಲ್ಲಿ ನಿಂತು, ಕೆಳಗಿನ ಗೇರಿನಲ್ಲಿ ಎಳೆಯಬೇಕು. ಮುಳ್ಳು ಕೆಂಪಿನಿಂದ ದೂರವಿದ್ದರೆ ಇಂಜಿನ್ನಿಗೆ ಉಸಿರು ಮಿಕ್ಕಿದೆ ಎಂದರ್ಥ. ಮೇಲೆ ಬೇಕಾಗುವುದು ಆ ಮಿಕ್ಕ ಉಸಿರೇ.

ನಾನು ರಸ್ತೆ ನೋಡಲಿಲ್ಲ, ಮುಳ್ಳು ನೋಡಿದೆ. ಲಾರಿ ನಡುಗಿತು, ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು, ಟ್ರೇಲರ್ ಒಮ್ಮೆ ಜಗ್ಗಿ ಹಿಂದೆ ಬಂತು. ಮುಳ್ಳು ನಡುವಿನ ತನಕ ಬಂದು ನಿಂತಿತು. ದಂಡೆಯ ಮೇಲೆ ಹತ್ತಿದ್ದೇ ಗೊತ್ತಾಗಲಿಲ್ಲ.

ಮೇಲಿನ ಚಹಾದಂಗಡಿಯಲ್ಲಿ ಟ್ರ್ಯಾಕ್ಟರಿನವರು ಕುಳಿತಿದ್ದರು. ಈರಣ್ಣನ ಗುರುತಿನವರೇ. ಒಬ್ಬ ಕೂಗಿದ, "ಏನೋ ಈರಣ್ಣಾ, ಹೊಗಿನ ಇಲ್ಲಲೇ? ಗಾಡಿ ಚಾಲೂ ಐತೋ, ಅಕ್ಕಾರು ಇಳದು ನೂಕಾಕತ್ತಿದ್ರೋ?"

ಇನ್ನೊಬ್ಬ, "ಮುದುಕ ಆತು ಬಿಡ್ರೋ. ಬೀಡಿ ಬಿಟ್ಟೈತಿ" ಎಂದ.

ಈರಣ್ಣನ ಕಿವಿ ಕೆಂಪಾದವು. ಲಾರಿ ನಿಲ್ಲಿಸಿ, ಸೀಟಿನ ಕೆಳಗಿಂದ ನಟ್ಟು ಬಿಚ್ಚುವ ಪಾನಾ ತೆಗೆದು ಇಳಿದ. ಬಾನೆಟ್ಟು ಎತ್ತುವ ಸದ್ದಾಯಿತು. ಹೊಗೆ ಬರಲೆಂದು ಮತ್ತೆ ಪಂಪು ಬಿಚ್ಚಲು ಹೊರಟಿದ್ದ. ಅದೇ ಪಂಪಿನ ಮೇಲೆ ನನ್ನ ಏಪ್ರಿಕಾಟ್ ಗಿಡ ನಿಂತಿತ್ತು. ನನಗೆ ಇಳಿಯಲು ಬಾರದು, ಕಿಟಕಿಯಿಂದಲೇ ಹೇಳಬೇಕಾಯಿತು.

"ಈರಣ್ಣಾ, ಹೋದ ವರ್ಷ ಎಲ್ಲಾರೂ ಹೊಗಿ ನೋಡಿದ್ರು. ರೊಟ್ಟಿ ಯಾರು ತಿಂದ್ರು?"

ಅವನು ಬಾನೆಟ್ಟಿನ ಹಿಂದೆ ಇದ್ದ; ಮುಖ ಕಾಣಲಿಲ್ಲ. ಅಂಗಡಿಯವರು ಇನ್ನೂ ಏನೋ ಹೇಳಿ ನಗುತ್ತಿದ್ದರು. ಪಾನಾ ಆಡಿದ ಸದ್ದು ಕೇಳಲಿಲ್ಲ, ಬಾನೆಟ್ಟು ಮುಚ್ಚಿದ ಸದ್ದಾಯಿತು. ಅವನು ನನ್ನ ಬಾಗಿಲಿಗೆ ಬಂದು, ಎಣ್ಣೆ ಹತ್ತಿದ ಆ ಪಾನಾವನ್ನು ನನ್ನ ಮಡಿಲಿಗೆ, ಹಾಳಾದ ಸೀರೆಯ ಮೇಲೆಯೇ ಇಟ್ಟ.

"ಇದನ್ನ ನಿನ್ನ ಕಡೆ ಇಟ್ಕೊ. ಘಾಟ್ ಏರೂತನಕ ನಾ ಬೇಡಿದ್ರೂ ಕೊಡಬ್ಯಾಡ."

"ಘಾಟಿನ ತನಕ?"

"ಮತ್ತ? ನೀ ಇಲ್ಲೇ ಕುಂತ್ರ ಅಲ್ಲಿ ನನಗ ಯಾರ್ ಬೈಬೇಕು? ಸ್ವೆಟರ್ ತಗೊ, ಎರಡು."

ವಿಜಯಪುರದ ಕಡೆಗೆ ಹೊರಟೆವು. ಪಕ್ಕದ ಕನ್ನಡಿಯಲ್ಲಿ ನೋಡಿದೆ: ನೀರು ತುಳುಕಿಸುತ್ತ ಬರುವ ಟ್ರೇಲರ್, ಅದರ ಹಿಂದೆ ಚಹಾದಂಗಡಿ, ಗ್ಲಾಸು ಹಿಡಿದು ನಿಂತೇ ಇದ್ದ ಆ ಗಂಡಸರು, ಅವರ ಹಿಂದೆ ಡೋಣಿ. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು.