ಐವತ್ತು ಕಿಲೋ ಮತ್ತು ಎರಡು ಬೊಗಸೆ

ದೆಸಾಗ್ವಾದೆರೊ ಎಂಬ ಹೆಸರಿನ ಊರು ಎರಡಿವೆ. ಹೊಳೆಯ ಈಚೆಗಿನದು ಬೊಲಿವಿಯಾದ್ದು, ಆಚೆಗಿನದು ಪೆರುವಿನದು, ನಡುವೆ ಸೇತುವೆ. ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮಿಕ್ಕಂತೆ ಮಾತು ಒಂದೇ, ಚಳಿ ಒಂದೇ, ನೆಂಟಸ್ತಿಕೆಯೂ ಒಂದೇ.

ಈಚೆ ದಡದ ನಿಕೊಲಾಸಾ ಲಾರುತಾಗೆ ಅರವತ್ತೆರಡು. ಹಿಮಕ್ಕೆ ಆಲೂಗಡ್ಡೆ ಹಾಸಿ, ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಕಲ್ಲಿನಷ್ಟು ಗಟ್ಟಿಯಾಗುವಂತೆ ಒಣಗಿಸುವುದು ಅವಳ ಕಸುಬು. ಆ ಗಡ್ಡೆಗೆ ಚುನ್ಯೋ ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ಪ್ರತಿ ಶುಕ್ರವಾರ ಮೂರು ಮೂಟೆ ಆಚೆ ದಡದ ಎರ್ಮೆಲಿಂದಾಳ ಅಂಗಡಿಗೆ ಹೋಗುತ್ತವೆ. ಮಾರುವವಳೂ ಕೊಳ್ಳುವವಳೂ ಒಬ್ಬರನ್ನೊಬ್ಬರು ಕರೆಯುವುದು 'ಕಾಸೇರಾ' ಎಂದೇ. ಹಾಗೆ ಕರೆದ ಮೇಲೆ ಇಬ್ಬರೂ ಬೇರೆ ಅಂಗಡಿಯ ಮುಖ ನೋಡುವಂತಿಲ್ಲ.

ತೂಕವಾದ ಮೇಲೆ ಮೂಟೆಗೆ ಎರಡು ಬೊಗಸೆ ಕೊಸರು ಹಾಕಿಯೇ ನಿಕೊಲಾಸಾ ಬಾಯಿ ಹೊಲಿಯುತ್ತಿದ್ದಳು. "ತೂಕ ಸಂತೆಗೆ, ಕೊಸರು ಮನುಷ್ಯರಿಗೆ" ಎಂದು ಅವಳ ತಾಯಿ ಹೇಳುತ್ತಿದ್ದಳಂತೆ.

ಹೀಗಿರುವಾಗ ಯಾವನೋ ದೊಡ್ಡ ಮನುಷ್ಯ ನೆರೆದೇಶದ ಮೇಲೆ ನಾಲಗೆ ಹರಿಬಿಟ್ಟ. ರಾಯಭಾರಿಗಳು ಪೆಟ್ಟಿಗೆ ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಹೋದರು. ಏಳು ತಿಂಗಳು ಸೇತುವೆಯ ಮೇಲೆ ಸರಕು ದಾಟಲಿಲ್ಲ. ಕೋಣಗಳೆರಡು ಗುದ್ದಾಡಿದರೆ ಸಾವು ಗಿಡಕ್ಕೆ ತಾನೆ! ಕೊನೆಗೆ ರಾಜಿಯಾಯಿತು. ಹೊಸ ಒಪ್ಪಂದ, ಕೈಕುಲುಕಿದ ಫೋಟೋ, ಹೊಸ ಸುಂಕದ ಕಟ್ಟೆ, ಅದರಲ್ಲೊಂದು ಮಿನುಗುವ ಅಂಕಿಗಳ ತಕ್ಕಡಿ ಬಂದವು.

ಮೊದಲ ಶುಕ್ರವಾರವೇ ಅಧಿಕಾರಿ ಅವಳ ಮೂಟೆ ತಡೆದ.

"ಅಜ್ಜಿ, ಕಾಗದದಲ್ಲಿ ಐವತ್ತು ಕಿಲೋ. ಇಲ್ಲಿ ಐವತ್ತೊಂದು ತೋರಿಸ್ತಿದೆ. ಏನಿದು?"

"ಕೊಸರು ಕಣಪ್ಪ."

"ನಮ್ಮವ್ವನೂ ಕೊಸರಿಲ್ದೆ ಮೆಣಸಿನಕಾಯಿ ತಗೊಳಲ್ಲ. ಆದ್ರೆ ಈ ಫಾರಂನಲ್ಲಿ ಕೊಸರಿಗೆ ಜಾಗ ಇಲ್ವಲ್ಲ! ಹೆಚ್ಚಿಗೆ ಇದ್ರೆ ಕಳ್ಳಸಾಗಣೆ ಅಂತ ಬರೀಬೇಕು."

ಹಿಂದೆ ಸಾಲಿನಲ್ಲಿದ್ದವರು ಕೂಗಾಡತೊಡಗಿದರು. ನಿಕೊಲಾಸಾ ಮೂರೂ ಮೂಟೆಗಳ ಹೊಲಿಗೆ ಬಿಚ್ಚಿ, ಆರು ಬೊಗಸೆಯನ್ನು ಬೆನ್ನಿಗೆ ಹೊರೆ ಕಟ್ಟಿಕೊಳ್ಳುವ ತನ್ನ ಬಟ್ಟೆಗೆ ಸುರಿದುಕೊಂಡಳು. ಹೀಗಾಯಿತೆಂದು ಎರ್ಮೆಲಿಂದಾಗೆ, ಮೂಟೆಗಳನ್ನು ಆಚೆ ದಡಕ್ಕೆ ಸಾಗಿಸುವ ಗಾಡಿಯ ಸಿರಿಲೋ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಬಹುದಿತ್ತು. ಸಿಟ್ಟಿನಲ್ಲಿ ಮರೆತಳು.

ಮುಂದಿನ ಶುಕ್ರವಾರ ಅವಳು ಮೂಟೆಗಳನ್ನು ಕಟ್ಟುವ ಮೊದಲೇ ಸಿರಿಲೋ ತಡೆದು ಹೇಳಿದ: "ಎರ್ಮೆಲಿಂದಾ ಅವ್ರಿಗೆ ಬೇಡ್ವಂತೆ. 'ಕೊಸರು ನಿಲ್ಸಿದ್ಲು ಅಂದ್ರೆ ಋಣ ತೀರ್ತು ಅಂತ ತಾನೆ? ಬಾಯಿಬಿಟ್ಟು ಹೇಳೋಕೇನಾಗಿತ್ತು ಅಂತ ಕೇಳು' ಅಂದ್ರು."

ಏಳು ತಿಂಗಳು ಮುಚ್ಚಿದ್ದ ಸೇತುವೆಗೆ ಅಳದ ನಿಕೊಲಾಸಾ ಆಗ ಅತ್ತಳು. ಮೂವತ್ತೊಂದು ವರ್ಷ ಎರಡು ಬೊಗಸೆಗೆ ಮುರಿದುಹೋಯಿತಲ್ಲ! ಆರು ಬೊಗಸೆಯ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು, ಮಂಡಿ ನೋವನ್ನೂ ಹೊತ್ತು, ಸೇತುವೆಯ ಕಡೆ ನಡೆದಳು. ಕಟ್ಟೆಯಲ್ಲಿ ಅದೇ ಅಧಿಕಾರಿ.

"ಗಂಟಿನಲ್ಲೇನು?"

"ನನ್ನ ಊಟ."

"ಬೇಯಿಸದ ಚುನ್ಯೋ ಊಟವಾ?"

"ಹಲ್ಲು ನಂದು. ನಿಂಗ್ಯಾಕಪ್ಪ ನೋವು?"

ಅವನು ನಕ್ಕು ಬೇರೆ ಕಡೆ ನೋಡಿದ.

ಎರ್ಮೆಲಿಂದಾ ಈರುಳ್ಳಿ ರಾಶಿಯ ಹಿಂದಿನಿಂದ ತಲೆ ಎತ್ತಲಿಲ್ಲ. "ಸರ್ಕಾರದೋರು ನಿಂಗೂ ತೂಕ ಮಾಡೋದು ಕಲಿಸಿದ್ರಾ?"

"ಕಲಿಸಿದ್ರು. ದಡ್ಡಿ ನಾನು, ತಲೆಗೆ ಹತ್ತಲಿಲ್ಲ." ನಿಕೊಲಾಸಾ ತಕ್ಕಡಿಯ ಕಥೆಯನ್ನೆಲ್ಲ ಹೇಳಿ, ಗಂಟು ಬಿಚ್ಚಿ, ಒಂದೊಂದೇ ಬೊಗಸೆ ಅವಳ ಮಡಿಲಿಗೆ ಹಾಕಿದಳು. ಆರು ಮುಗಿಯುವಷ್ಟರಲ್ಲಿ ಎರ್ಮೆಲಿಂದಾ ತಲೆ ಎತ್ತಿದ್ದಳು.

"ಇಷ್ಟಕ್ಕೆ ಆ ಮಂಡಿ ಎಳ್ಕೊಂಡು ಬಂದ್ಯಾ, ಕಾಸೇರಾ?"

ಕಾಸೇರಾ! ನಿಕೊಲಾಸಾಳಿಗೆ ಜೀವ ಬಂದಂತಾಯಿತು. ಖಾಲಿ ಬಟ್ಟೆ ಕೊಡವಿ ಎದ್ದಳು. "ಬರ್ತೀನಿ ಕಾಸೇರಾ. ಹನ್ನೆರಡಾಯ್ತು, ಒಣಗೋಕೆ ಹಾಸಿರೋ ಗಡ್ಡೆ ನೋಡೋರಿಲ್ಲ."

"ನಿಮ್ಮಲ್ಲಿ ಹನ್ನೆರಡು. ನಮ್ಮಲ್ಲಿನ್ನೂ ಹನ್ನೊಂದು." ಎರ್ಮೆಲಿಂದಾ ಅವಳ ಕೈ ಹಿಡಿದು ಜಗ್ಗಿದಳು. "ಆ ಒಂದು ಗಂಟೆ ನನ್ನ ಕೊಸರು. ಯಾವ ತಕ್ಕಡಿಗೂ ಸಿಗಲ್ಲ. ಕೂತ್ಕೋ."

ನಿಕೊಲಾಸಾ ಈರುಳ್ಳಿ ಮೂಟೆಯ ಮೇಲೆ ಕೂತಳು.