ಪಾವಾಗಢದ ಇಳುಕಲಿನಲ್ಲಿ ಹೊಸ ಗಾಲಿ

ಈಗಲೂ ಕಾರಿನ ಮುಂದೆ ಯಾರಾದರೂ ಸೈಕಲ್ ಮೇಲೆ ಹೋಗುತ್ತಿದ್ದರೆ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತಿಬಿಡುತ್ತದೆ. ಒತ್ತುವ ಅಗತ್ಯವೇನೂ ಇರುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದು ಬೈದು ಮುಂದೆ ಹೋಗುತ್ತಾರೆ. ಆ ಭಾನುವಾರ ವಡೋದರಾ ಹತ್ತಿರದ ಪಾವಾಗಢ ಬೆಟ್ಟದ ಇಳುಕಲಿನಲ್ಲೂ ನಾನು ಮಾಡಿದ್ದು ಇಷ್ಟೇ. ಮುಂದೆ ಮಗಳ ಸೈಕಲ್ ನಿಲ್ಲುತ್ತಿರಲಿಲ್ಲ. ಹಿಂದೆ ನಾನು ನನ್ನ ಕಾರಿನ ಬ್ರೇಕನ್ನು ಬಲವಾಗಿ ತುಳಿಯುತ್ತಿದ್ದೆ, ಅದರಿಂದ ಅವಳು ನಿಲ್ಲುತ್ತಾಳೆ ಎನ್ನುವ ಹಾಗೆ. ಅದರಿಂದ ಆದದ್ದೆಂದರೆ ನಮ್ಮಿಬ್ಬರ ನಡುವಿನ ದೂರ ಹೆಚ್ಚಿತು, ಅಷ್ಟೆ.

ನಾವು ವಡೋದರಾಕ್ಕೆ ಬಂದು ಬಹಳ ವರ್ಷಗಳಾದವು. ನಾನು ವಿಮಾ ಕಚೇರಿಯಲ್ಲಿ ವಾಹನಗಳ ಕ್ಲೇಮ್ ನೋಡುವವನು. ಹೆಂಡತಿಯದು ಬ್ಯಾಂಕು, ಈಗ ಸೂರತ್‌ಗೆ ವರ್ಗ. ಶನಿವಾರ ಸಂಜೆಯ ರೈಲಿಗೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾಳೆ. ಮನೆಯಲ್ಲಿ ಉಳಿಯುವವರು ನಾನು, ಧಾರವಾಡದ ಕಡೆಯ ಮಾತನ್ನು ಒಂದಿಷ್ಟೂ ಬಿಡದ ನನ್ನ ಅವ್ವ, ಕಾಲೇಜಿನ ಎರಡನೇ ವರ್ಷದಲ್ಲಿರುವ ಮಗಳು. ಮಗಳು ಇಲ್ಲೇ ಬೆಳೆದವಳು. ಗೆಳತಿಯರ ಜೊತೆ ಗುಜರಾತಿ, ನನ್ನ ಜೊತೆ ಅರ್ಧ ಹಿಂದಿ. ಅಜ್ಜಿಯ ಜೊತೆ ಮಾತ್ರ ತಡವರಿಸಿಕೊಂಡಾದರೂ ಕನ್ನಡ.

ಅವಳಿಗೆ ಮೌಂಟನ್ ಬೈಕಿನ ಹುಚ್ಚು. ರಜೆಯಿದ್ದರೆ ಮಹೀ ನದಿಯ ಕೊರಕಲುಗಳಲ್ಲಿ ಹತ್ತಿಳಿಯುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿಯೇ ಒಂದು ಕಲ್ಲಿಗೆ ಬಡಿದು ಮುಂದಿನ ಗಾಲಿ ಹಪ್ಪಳದಂತೆ ಸೊಟ್ಟಗಾಯಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಕೆಸರಾಗಿ ಮನೆಗೆ ಬಂದವಳನ್ನು ನೋಡಿ ಅವ್ವ, "ಅದರ ಮ್ಯಾಲ ನೀ ಕೂಡೂದೋ, ನಿನ್ನ ಮ್ಯಾಲ ಅದು ಕೂಡೂದೋ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅದೇ ವಾರ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ಒಂದು ದೊಡ್ಡ ಸೈಕಲ್ ಅಂಗಡಿಗೆ ಹೊರಟೆವು. ದೀಪಾವಳಿ ರಜೆಯಲ್ಲಿ ಅವಳ ಕಾಲೇಜಿನವರ ಬೆಟ್ಟದ ಸವಾರಿಯಿತ್ತು. ಅದಕ್ಕೆ ಮುಂಚೆ ಒಳ್ಳೆಯ ಗಾಲಿ ಬೇಕಿತ್ತು.

ಅಂಗಡಿಯಲ್ಲಿ ಎರಡು ಜೊತೆ ಗಾಲಿಗಳನ್ನು ಮುಂದಿಟ್ಟರು. ಒಂದು ಕಾರ್ಬನ್ನಿನದು. ಬೆರಳಲ್ಲಿ ಎತ್ತಬಹುದು, ಅಷ್ಟು ಹಗುರ. ಇನ್ನೊಂದು ಅಲ್ಯುಮಿನಿಯಮ್ಮಿನದು, ಅಗಲ ರಿಮ್ಮು, ಕಡ್ಡಿಗಳೂ ಹೆಚ್ಚು, ಸ್ವಲ್ಪ ಭಾರ. ಮಗಳು ಹಗುರದ್ದನ್ನು ತಿರುಗಿಸಿ ಅದರ ಟಿಕ್‌ಟಿಕ್ ಸದ್ದನ್ನು ಕಣ್ಣುಮುಚ್ಚಿ ಕೇಳಿದಳು.

"ಇದು ಮುರಿದರೆ?" ಎಂದು ನಾನು ಅಂಗಡಿಯವನನ್ನು ಹಿಂದಿಯಲ್ಲಿ ಕೇಳಿದೆ.

"ಮುರಿಯೋದಿಲ್ಲ, ಸಾಹೇಬ್."

"ಅಕಸ್ಮಾತ್ ಮುರಿದರೆ? ಹೊರಗೆ ಕಾಣದ ಹಾಗೆ ಒಳಗೇ ಬಿರುಕು ಬಿಟ್ಟರೆ?"

"ಪಪ್ಪಾ, ಇದು ನಿನ್ನ ಆಫೀಸ್ ಅಲ್ಲ," ಎಂದಳು ಮಗಳು. "ಗಾಲಿ ತಗೋ ಅಂದ್ರೆ ನೀನು ಪೋಸ್ಟ್‌ಮಾರ್ಟಮ್ ಮಾಡ್ತೀಯಲ್ಲ!"

ಅಂಗಡಿಯವನಿಗೆ ಕನ್ನಡ ಬಾರದಿದ್ದರೂ ಮಾತು ಅರ್ಥವಾಯಿತು, ನಕ್ಕ. ನಾನು ಬಿಡಲಿಲ್ಲ. ಕಡ್ಡಿಗಳ ಬಗ್ಗೆ, ಗಾಲಿಯ ನಡುವಿನ ಹಬ್‌ನ ಬೇರಿಂಗ್ ಬಗ್ಗೆ, ರಿಮ್ಮಿಗೆ ಏಟು ಬಿದ್ದರೆ ಟೈರು ಕಳಚುತ್ತದೆಯೇ ಎಂಬ ಬಗ್ಗೆ ಕೇಳುತ್ತಲೇ ಹೋದೆ. ಕೊನೆಗೆ ಭಾರದ್ದೇ ಆಯಿತು. ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಆಮೇಲೆ ಆ ಗಾಲಿಯ ಕಪ್ಪು ಬಣ್ಣ ನೋಡಿ ತಾನೇ ಸಮಾಧಾನ ಮಾಡಿಕೊಂಡಳು.

ಅವಳ ಸೈಕಲ್ಲಿಗೆ ಡಿಸ್ಕ್ ಬ್ರೇಕ್. ಗಾಲಿಯ ನಡುವೆ ಸ್ಟೀಲಿನ ತೆಳ್ಳನೆಯ ತಟ್ಟೆ ಇರುತ್ತದೆ. ಬ್ರೇಕ್ ಹಿಡಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಬದಿಯಿಂದ ಅಮುಕಿ ನಿಲ್ಲಿಸುತ್ತವೆ. ಹಳೆಯ ತಟ್ಟೆಗಳು ಹೊಸ ಗಾಲಿಗೆ ಕೂರಲಿಲ್ಲವೆಂದು ಅಂಗಡಿಯವನು ಹೊಸವನ್ನೇ ಹಾಕಿದ. "ಶುರುವಿನಲ್ಲಿ ಬ್ರೇಕ್ ಸ್ವಲ್ಪ ಮೆತ್ತಗಿರುತ್ತದೆ, ಸದ್ದೂ ಮಾಡುತ್ತದೆ. ಓಡಿಸುತ್ತಾ ಹಿಡಿತ ಬರುತ್ತದೆ," ಎಂದ. ಅದು ಸರಿಯಾದ ಮಾತೇ. ಆಮೇಲೆ ನಾನು ಬೇರೆಯವರನ್ನೂ ಕೇಳಿದ್ದೇನೆ. ಎಲ್ಲ ಜೋಡಿಸಿ ನೋಡಿ, ಕಾರಿನಲ್ಲಿ ಹಿಡಿಸಲು ಗಾಲಿಗಳನ್ನು ಮತ್ತೆ ಬಿಚ್ಚಿ, ಕಾಗದದಲ್ಲಿ ಸುತ್ತಿ ಕೊಟ್ಟ. ಅವು ಹಾಗೆಯೇ ಮನೆಯ ಗೋಡೆಗೆ ಒರಗಿ ನಿಂತವು.

ಖಂಡೇನವಮಿ ಬಂತು. ಹಿಂದಿನ ರಾತ್ರಿಯೆಲ್ಲ ಗರ್ಬಾ ಆಡಿ ಬಂದ ಮಗಳು ಮಧ್ಯಾಹ್ನದವರೆಗೂ ಮಲಗಿದ್ದಳು. ನಾನು ಚೆಂಡು ಹೂ ತರಲು ಮಾರುಕಟ್ಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಮಣೆಯ ಮೇಲೆ ಈಳಿಗೆ, ಕತ್ತರಿ, ಸುತ್ತಿಗೆ, ಕಾರಿನ ಕೀಲಿ ಎಲ್ಲ ಜೋಡಿಸಿ, ಎರಡೂ ಹೊಸ ಗಾಲಿಗಳನ್ನು ಕಾಗದ ಬಿಚ್ಚಿ ಅಕ್ಕಪಕ್ಕ ನಿಲ್ಲಿಸಿದ್ದಳು. ಕುಂಕುಮ ಹಚ್ಚಿಯಾಗಿತ್ತು. ನಾನು ಹೂ ಏರಿಸಿದೆ, ಕಾಯಿ ಒಡೆದೆ. "ನಮ್ಮ ಹುಡುಗಿನ್ನ ಚಂದಂಗೆ ಹೊತಗೊಂಡು ಬಾರಪಾ," ಎಂದು ಅವ್ವ ಗಾಲಿಗಳಿಗೆ ಕೈ ಮುಗಿದಳು. ಮರುದಿನ ಮತ್ತೆ ಕಾಗದ ಸುತ್ತಿಟ್ಟಳು.

ದಸರೆ ಕಳೆದ ಮೇಲಿನ ಭಾನುವಾರ ಬೆಳಗ್ಗೆ ಹೊಸ ಗಾಲಿಗಳ ಮೊದಲ ಸವಾರಿ. ಹೆಂಡತಿಗೆ ಆ ವಾರ ಸೂರತ್‌ನಿಂದ ಬರಲಾಗಿರಲಿಲ್ಲ. ಬೆಟ್ಟದ ಬುಡದಲ್ಲಿ ಮಗಳು ಗಾಲಿ ಜೋಡಿಸಿಕೊಂಡು ಒಂದು ಸುತ್ತು ಹೋಗಿ ಬಂದಳು. ಬ್ರೇಕ್ ಕಿರ್ರೆಂದಿತು, ನಿಧಾನವಾಗಿ ನಿಂತಿತು.

"ಮೆತ್ತಗಿದೆ," ಎಂದಳು.

"ಅಂವ ಹೇಳಿದ್ನಲ್ಲ, ಹೊಸಾದಂತ."

"ಹಾಂ, ಅದೇ."

ಬೆಟ್ಟದ ಅರ್ಧದಲ್ಲಿ ರಸ್ತೆ ಮುಗಿಯುವ ಮಾಚಿಯವರೆಗೆ ಏರಿದಳು, ನಾನು ಕಾರಿನಲ್ಲಿ ಹಿಂದೆ. ಏರುವಾಗ ಬ್ರೇಕ್ ಬೇಕಾಗುವುದಿಲ್ಲ. ಮೇಲೆ ಚಹಾ ಕುಡಿದೆವು. "ಗಾಲಿ ಎಷ್ಟು ಗಟ್ಟಿ ಗೊತ್ತಾ, ಪಪ್ಪಾ! ನೀನು ಸರಿ ಇದ್ದಿ," ಎಂದಳು.

ಇಳಿಯುವಾಗ ಮೊದಲ ತಿರುವನ್ನು ಅವಳು ಅಗಲವಾಗಿ ತೆಗೆದುಕೊಂಡಳು. ಬೇಕೆಂದೇ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಅವಳ ಎರಡೂ ಕೈಯ ಬೆರಳುಗಳು ಬ್ರೇಕಿನ ಮೇಲೆ ಪೂರ್ತಿ ಮಡಚಿದ್ದವು. ಮೈ ಸೀಟಿನಿಂದ ಹಿಂದಕ್ಕೆ ಜರುಗಿತ್ತು. ಒಂದು ಕಾಲನ್ನು ಕೆಳಗೆ ಬಿಟ್ಟು ಶೂ ಉಜ್ಜುತ್ತಿದ್ದಳು. ಸೈಕಲ್ ಮಾತ್ರ ವೇಗ ಹೆಚ್ಚಿಸಿಕೊಳ್ಳುತ್ತಲೇ ಇತ್ತು. ಕಾರಿನ ಕಿಟಕಿ ತೆರೆದಿತ್ತು. ಕಿರ್ರೆನ್ನುವ ಸದ್ದೂ ಈಗ ಇರಲಿಲ್ಲ. ಬ್ರೇಕ್ ಫೇಲ್. ಕ್ಲೇಮಿನ ಕಾಗದಗಳಲ್ಲಿ ಈ ಎರಡು ಪದ ಎಷ್ಟು ಸಲ ಓದಿದ್ದೇನೋ. ಅದು ಸದ್ದೇ ಇಲ್ಲದೆ ಆಗುತ್ತದೆ ಎಂದು ಓದುವಾಗ ಗೊತ್ತಿರಲಿಲ್ಲ.

ಎಡಕ್ಕೆ ಬೆಟ್ಟದ ಗೋಡೆ, ಬಲಕ್ಕೆ ಮೋಟು ಕಟ್ಟೆ, ಅದರಾಚೆ ಏನೂ ಇಲ್ಲ. ಮುಂದಿನ ತಿರುವಿನಲ್ಲಿ ಯಾತ್ರಿಕರನ್ನು ತುಂಬಿಕೊಂಡ ಜೀಪೊಂದು ಮೇಲೆ ಬರುತ್ತಿತ್ತು. ಅವಳು ಬಲಕ್ಕೆ ಸರಿದುಹೋದಳು. ಜೀಪಿನವನು ಸ್ಟಿಯರಿಂಗನ್ನು ಪೂರ್ತಿ ಗೋಡೆಯ ಕಡೆಗೆ ತಿರುಗಿಸಿದ. ಅವನ ಬಂಪರಿಗೂ ಆ ಕಟ್ಟೆಗೂ ನಡುವೆ ಒಂದು ಬಾಗಿಲಿನಷ್ಟು ಜಾಗ. ಅವಳು ಅದರೊಳಗೆ ಹೋದದ್ದು ಕಂಡಿತು, ಹೊರಗೆ ಬಂದದ್ದು ಕಾಣಲಿಲ್ಲ. ನಾನು ಅವಳ ಹೆಸರು ಕೂಗುತ್ತಿದ್ದೆನಂತೆ. ಜೀಪಿನವನು ಆಮೇಲೆ ಹೇಳಿದ. ನನಗೆ ನೆನಪಿಲ್ಲ.

ಜೀಪಿನ ಆಚೆ ರಸ್ತೆ ರಿಪೇರಿಗೆಂದು ಗೋಡೆಗೆ ಒತ್ತಿ ಜಲ್ಲಿ ಸುರಿದಿದ್ದರು. ಮಗಳು ಸೈಕಲ್ಲನ್ನು ಅದರೊಳಕ್ಕೇ ನುಗ್ಗಿಸಿದ್ದಳು. ನಾನು ಓಡಿ ತಲುಪಿದಾಗ ಜಲ್ಲಿಯ ಮೇಲೆ ಎದ್ದು ಕುಳಿತಿದ್ದಳು. ಎಡಗೈಯನ್ನು ಎದೆಗೆ ಅವಚಿಕೊಂಡಿದ್ದಳು. ಹೆಲ್ಮೆಟ್ಟಿನ ಒಂದು ಬದಿ ಬಿರಿದಿತ್ತು. ಜೀಪಿನವನೂ ಇಳಿದು ಬಂದ. "ಅರೆ ಬೇನ್, ಬ್ರೇಕ್ ನಥೀ ಕೆ ಶುಂ?" ಬ್ರೇಕೇ ಇಲ್ಲವೇನಮ್ಮಾ ಎಂದು ಕೇಳುತ್ತಾ ಸೈಕಲ್ಲನ್ನು ಎತ್ತಿ ನಿಲ್ಲಿಸಿದ.

ಗಾಲಿಗೆ ಏನೂ ಆಗಿರಲಿಲ್ಲ. ಒಂದು ಕಡ್ಡಿಯೂ ಬಾಗಿರಲಿಲ್ಲ.

ಅಲ್ಲಿ ಒಂದು ವಾಸನೆಯಿತ್ತು. ರಬ್ಬರಿನದಲ್ಲ. ಮಗಳು ಬಲಗೈಯಲ್ಲಿ ಕರ್ಚೀಫು ಹಿಡಿದು ಡಿಸ್ಕಿನ ನಡುಭಾಗವನ್ನು ಒರೆಸಿದಳು. ಕರ್ಚೀಫು ಕೆಂಪಾಯಿತು. "ರಕ್ತ ಬರಾಕತ್ತದ, ತೋರಸು!" ಎಂದು ನಾನು ಅವಳ ಬೆರಳು ಹಿಡಿದೆ. ಅವಳು ಕೈ ಬಿಡಿಸಿಕೊಂಡು ಕರ್ಚೀಫು ಮೂಸಿದಳು.

"ರಕ್ತ ಅಲ್ಲ, ಪಪ್ಪಾ. ಕುಂಕುಮ. ಎಣ್ಣೆ. ಅಜ್ಜಿ ತಲೆಗೆ ಹಾಕ್ತಾಳಲ್ಲ, ಅದು."

ಕಾದ ಕೊಬ್ಬರಿ ಎಣ್ಣೆಯ ವಾಸನೆ. ಅಡುಗೆಮನೆಯ ವಾಸನೆ.

ಕಾಲರ್ ಬೋನ್ ಬಿರುಕು ಬಿಟ್ಟಿದೆ, ಬೇರೇನೂ ಇಲ್ಲ ಎಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ ನಾನು, "ಅಜ್ಜಿಗೆ ಹೇಳೂದು ಬ್ಯಾಡ," ಎಂದೆ. ಅವಳು ಹೊರಗೆ ನೋಡುತ್ತಾ ಕುಳಿತಿದ್ದವಳು, "ಹೇಳದಿದ್ರೆ ದೀಪಾವಳಿಗೆ ಮತ್ತೆ ಹಚ್ಚುತ್ತಾಳೆ," ಎಂದಳು.

ಬಾಗಿಲಲ್ಲೇ ದೃಷ್ಟಿ ತೆಗೆದ ಅವ್ವ ಮೊಮ್ಮಗಳ ಕೆನ್ನೆ ಸವರಿ, "ಪೂಜಾ ಮಾಡಿದ್ದಕ್ಕ ಉಳಕೊಂಡಿ, ನಮ್ಮವ್ವಾ," ಎಂದಳು.

"ಅಜ್ಜಿ, ಆ ಗಾಲಿಗೆ ಎಣ್ಣೆ ಹಚ್ಚಿದ್ಯಾ?"

"ಹೂಂ ಮತ್ತ! ಈಳಗಿಗೆ ಹಚ್ಚತೇವಿ, ಕತ್ತರಿಗೆ ಹಚ್ಚತೇವಿ. ಎಣ್ಣಿ ಸವರದ ಕಬ್ಬಿಣ ಪೂಜಾಕ್ಕ ಇಡತಾರೇನು? ಜಂಗ ಹಿಡೀತದ. ನಡುವ ಬೆಳ್ಳಿ ತಾಟಿನಂಗ ಇತ್ತಲ್ಲ, ಅದಕ್ಕಂತೂ ಎರಡ ಸಲ ಸವರೀನಿ."

"ಅಜ್ಜಿ, ಅದು ಬ್ರೇಕ್."

ಅವ್ವ ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದ್ದು ನೋಡಿ ತನ್ನ ಅಂಗೈಗಳನ್ನು ನೋಡಿಕೊಂಡಳು. "ನನ್ನ ಕೈಲೇನ ಆತೇನೋ?" ಎಂದು ಕೇಳಿದಳು. ಆ ರಾತ್ರಿ ಊಟಕ್ಕೆ ಏಳಲಿಲ್ಲ. ಅಜ್ಜಿಯ ಪಕ್ಕದಲ್ಲಿ ಕುಳಿತ ಮಗಳು, ಒಂದೇ ಕೈಯಲ್ಲಿ ಮೊಸರನ್ನ ಕಲಸಿ ಅವಳ ಬಾಯಿಯ ಹತ್ತಿರ ಹಿಡಿದು, "ನಾನು ಇದ್ದೀನಲ್ಲ," ಎನ್ನುತ್ತಿದ್ದಳು.

ಪ್ಯಾಡು, ಡಿಸ್ಕು ಎಲ್ಲ ಬದಲಾದವು. ಗಾಲಿ ಅವೇ. ಬೆಟ್ಟದ ಸವಾರಿ ಅವಳಿಲ್ಲದೆ ನಡೆಯಿತು. ದೀಪಾವಳಿ ಪಾಡ್ಯದ ದಿನ ಸೈಕಲ್ಲಿಗೆ ಪೂಜೆ ಬೇಡವೆಂದು ನಾನು ಹೇಳಬೇಕೆಂದಿದ್ದೆ. ಮಗಳೇ ಅದನ್ನು ಹೊರಗೆ ತಂದು ನಿಲ್ಲಿಸಿದಳು, ಎಡಗೈ ಇನ್ನೂ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲೇ ಇತ್ತು.

ಅವ್ವ ಬಚ್ಚಲಿಗೆ ಹೋಗಿ ಸೋಪಿನಿಂದ ಕೈ ತೊಳೆದು ಬಂದಳು. ಟವೆಲ್ಲಿನಿಂದ ಒರೆಸಿ, ಒರೆಸಿ, ಎರಡೂ ಅಂಗೈಗಳನ್ನು ಮೊಮ್ಮಗಳ ಮೂಗಿನ ಹತ್ತಿರ ಹಿಡಿದಳು.

"ಮೂಸಿ ನೋಡು."

ಮಗಳು ಮೂಸಿದಳು. "ಸೋಪ್."

"ಎಲ್ಲಿ ಹಚ್ಚಲಿ? ನೀನ ತೋರಸು."

"ಹ್ಯಾಂಡಲ್ ಮೇಲೆ, ನಡುವೆ. ಕೆಳಗೆ ಬ್ಯಾಡ."

ಅವ್ವ ಉಂಗುರಬೆರಳಿನಿಂದ ಹ್ಯಾಂಡಲ್ಲಿನ ನಡುವೆ ಒಂದೇ ಬೊಟ್ಟು ಇಟ್ಟಳು. ಹಿಂದಕ್ಕೆ ಸರಿದು, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಗಾಲಿಗಳಿಂದ ಆದಷ್ಟು ದೂರ ಗೋಡೆಗೆ ಒರಗಿ ನಿಂತುಕೊಂಡಳು.