ನಿಲ್ಲಿಸಲು ಬಾರದ ಡ್ರೈವರ್

ನನ್ನ ತಮ್ಮ ಬಸ್ಸು ಓಡಿಸುವುದನ್ನು ನೀವು ನೋಡಬೇಕು. ಅವನ ಕೈಗೆ ಸ್ಟೇರಿಂಗ್ ಸಿಕ್ಕರೆ ಎಂಥ ಡಕೋಟಾ ಗಾಡಿಯೂ ಹೇಳಿದ ಮಾತು ಕೇಳುತ್ತದೆ. ಅಕ್ಕ ಅಂತ ಹೊಗಳುತ್ತಿಲ್ಲ. ಹದಿನಾರು ವರ್ಷದಿಂದ ಕಂಡಕ್ಟರ್ ನಾನು, ಎಂತೆಂಥ ಡ್ರೈವರುಗಳನ್ನು ಕಂಡಿದ್ದೇನೆ. ಇವನದ್ದು ಒಂದೇ ತೊಂದರೆ, ನಿಲ್ಲಿಸುತ್ತಿರಲಿಲ್ಲ.

ಎರಡು ವರ್ಷ ಯುದ್ಧಭೂಮಿಯಲ್ಲಿ ಸೇನೆಯ ಲಾರಿ ಓಡಿಸಿ ಬಂದವನು. ಅಲ್ಲಿ ಗಾಡಿ ನಿಂತರೆ ಗುಂಡು, ದಾರಿಯಲ್ಲಿ ಡಬ್ಬ ಬಿದ್ದಿದ್ದರೆ ಬಾಂಬು. ಒಮ್ಮೆ ಮುಂದಿನ ಲಾರಿ ನಿಂತಿತು. ಅದರಲ್ಲಿದ್ದ ಗೆಳೆಯ ವಾಪಸು ಬರಲಿಲ್ಲ. ಮನೆಗೆ ಬಂದಮೇಲೂ ಕೆಂಪು ದೀಪ ಕಂಡರೆ ಬೆವರುತ್ತಿದ್ದ, ಬಾಗಿಲು ಬಡಿದರೆ ನಮ್ಮ ಮೇಲೆ ಹರಿಹಾಯುತ್ತಿದ್ದ. ಕೊಬ್ಬು ಎಂದರು ಜನ. ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಅನ್ನುತ್ತದೆ. ಮನೋವೈದ್ಯೆ ಮಾತ್ರ ತಿಂಗಳುಗಟ್ಟಲೆ ಕೂರಿಸಿಕೊಂಡು ಕಲಿಸಿದರು: ಭಯವಾದಾಗ ಕಣ್ಣಿಗೆ ಕಂಡದ್ದನ್ನು ಬಾಯಿಬಿಟ್ಟು ಹೇಳು.

ಮೊನ್ನೆ ನಮ್ಮ ಡಿಪೋದಲ್ಲಿ ಡ್ರೈವರ್ ಕೆಲಸಕ್ಕೆ ಅವನ ಪರೀಕ್ಷೆ. ಎರಡು ಸಲ ಸ್ಟಾಪು ಬಿಟ್ಟು ಓಡಿಸಿ ಫೇಲಾಗಿದ್ದ; ಇದೂ ಹೋದರೆ ಕೆಲಸದ ಆಸೆಗೆ ಎಳ್ಳುನೀರು. ಪರೀಕ್ಷೆಗೆ ಒಬ್ಬ ಕಂಡಕ್ಟರ್ ಬೇಕಿತ್ತು, ಜಗಳವಾಡಿ ನಾನೇ ಹತ್ತಿದೆ.

ಮೂರು ಸ್ಟಾಪಿನಲ್ಲಿ ಬೆಣ್ಣೆಯಂತೆ ನಿಲ್ಲಿಸಿದ. ನಾಲ್ಕನೆಯದರಲ್ಲಿ ರಸ್ತೆಯಂಚಿಗೆ ರಟ್ಟಿನ ಡಬ್ಬ ಬಿದ್ದಿತ್ತು. ಅದರ ಪಕ್ಕದಲ್ಲೇ ಅಜ್ಜಿಯೊಬ್ಬರು ಕೈ ಅಡ್ಡ ಹಿಡಿದಿದ್ದರು. ಪರೀಕ್ಷೆಯ ಬಸ್ಸೆಂದು ಅವರಿಗೇನು ಗೊತ್ತು. ತಮ್ಮ ಡಬ್ಬ ನೋಡಿದ, ಬಸ್ಸಿನ ವೇಗ ಏರಿತು. ಮುಗಿಯಿತು ಕಥೆ ಎಂದುಕೊಂಡೆ.

"ರಟ್ಟಿನ ಡಬ್ಬ," ಎಂದ ಜೋರಾಗಿ. "ಖಾಲಿ ಇದೆ, ಗಾಳಿಗೆ ಅಲ್ಲಾಡ್ತಿದೆ. ಅಲ್ಲೊಬ್ರು ಅಜ್ಜಿ. ಬಸ್ಸಿಗೆ ಕಾಯ್ತಿದ್ದಾರೆ."

"ಯಾರ ಹತ್ರಾನಪ್ಪ ಮಾತು?" ಎಂದರು ಪರೀಕ್ಷೆ ಮಾಡಲು ಮುಂದೆ ಕೂತಿದ್ದ ಇನ್ಸ್‌ಪೆಕ್ಟರ್.

"ನನ್ನ ಹತ್ರಾನೇ, ಸಾರ್."

ಬ್ರೇಕು ಬಿತ್ತು. ಡಬ್ಬದ ಪಕ್ಕದಲ್ಲೇ ಬಸ್ಸು ನಿಂತಿತು, ಬಾಗಿಲು ಅಜ್ಜಿಯ ಎದುರಿಗೇ. ಕೂಗಬೇಕೆನಿಸಿತು ನನಗೆ, ಅಷ್ಟು ಖುಷಿ.

"ಇದು ಪರೀಕ್ಷೆ ಗಾಡಿ, ಹತ್ತಬೇಡಿ" ಎಂದು ಇನ್ಸ್‌ಪೆಕ್ಟರ್ ಹೇಳುವಷ್ಟರಲ್ಲಿ ಅಜ್ಜಿ ಹತ್ತಿಯೇಬಿಟ್ಟರು. "ಯಾವ ಗಾಡಿ ಆದ್ರೇನು, ಈ ಪುಣ್ಯಾತ್ಮ ನಿಲ್ಲಿಸಿದನಲ್ಲ. ಬೆಳಗಿಂದ ಮೂರು ಬಸ್ಸು ಹಾಗೇ ಹೋದವು."

ಅವರು ಚೀಲ ಇಳಿಸಿ, ಮಂಡಿ ನೀವಿಕೊಂಡು, ಕಿಟಕಿಯ ಸೀಟು ಆರಿಸುತ್ತ ನಿಂತರು. ಎಂಜಿನ್ ಗುರುಗುಟ್ಟುತ್ತಿತ್ತು. ತಮ್ಮನ ಕೈ ಗೇರಿನ ಕಡೆ ಹೋಗಲಿಲ್ಲ.

"ನಿಧಾನಕ್ಕೆ ಕೂತ್ಕೊಳ್ಳಿ ಅಜ್ಜಿ," ಎಂದ. "ನೀವು ಕೂತ ಮೇಲೇ ಹೊರಡೋದು."

ಇನ್ಸ್‌ಪೆಕ್ಟರ್ ಪಾಸೆಂದು ಬರೆಯುವ ಮೊದಲೇ ನಾನು ಅತ್ತುಬಿಟ್ಟಿದ್ದೆ.